ದಿಲ್ಲಿ ಯಾರ ಮನೆಯ ಯಜಮಾನ?

ವರ್ಷಕ್ಕೊಮ್ಮೆಯಾದರೂ ಊರಿಗೆ ಬರ್ತೀನಿ. ನಿಜಾಮುದ್ದೀನಿನಲ್ಲಿ ಸಂಪರ್ಕ ಕ್ರಾಂತಿ ಹತ್ತಿದರೆ ಹುಬ್ಬಳ್ಳಿ, ಅಲ್ಲಿಂದ ಬಸ್ಸು. ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಇಳಿದು ಚೀಲ ಕೆಳಗಿಡುವುದಕ್ಕೂ ಬಿಡೋದಿಲ್ಲ, ಯಾರಾದರೊಬ್ಬರು ಕೇಳೇ ಕೇಳ್ತಾರೆ: "ಏನಂತೈತ್ರಿ ನಿಮ್ಮ ದಿಲ್ಲಿ?" ಹಿಂದಿನ ಸಲ ಬಂದಾಗ ಒಬ್ಬ ಹಿರಿಯರು ಅರ್ಜಿಯನ್ನೇ ಬರೆದುಕೊಂಡು ಬಂದಿದ್ದರು. ಊರ ಮುಂದಿನ ಕೆರೆಯ ಹೂಳು ತೆಗೆಸಬೇಕು. ಮೇಲೆ ವಿಳಾಸ ನೋಡಿದರೆ 'ಭಾರತ ಸರ್ಕಾರ, ದಿಲ್ಲಿ'.

"ಕೆರೆ ಪಂಚಾಯ್ತಿದಲ್ಲೇನ್ರಿ?" ಅಂದೆ.

"ಪಂಚಾಯ್ತಿ ಕೈಯಾಗ ಏನೈತ್ರಿ? ದೊಡ್ಡೋರು ಮನಸ್ಸು ಮಾಡಬೇಕು."

ಆ ದೊಡ್ಡೋರ ಮನೆಯಲ್ಲಿ ನಾನು ಮೂವತ್ತೊಂದು ವರ್ಷ ಕಡತ ತಳ್ಳಿದವನು. ಒಂದು ಸಚಿವಾಲಯದಲ್ಲಿ ಗುಮಾಸ್ತನಾಗಿ ಸೇರಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತನಾದೆ. ದೊಡ್ಡೋರ ಮನಸ್ಸು ಅನ್ನೋದು ಅಲ್ಲಿ ಯಾವ ಕೋಣೆಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಕಂಡದ್ದು ನಮೂನೆಗಳು, ಸುತ್ತೋಲೆಗಳು, ಮಾರ್ಚ್ 31ರ ಗಡಿಬಿಡಿ. ಆದರೂ ಆ ಹಿರಿಯರಿಗೆ ನಾನು ಏನೂ ಹೇಳದೆ ಅರ್ಜಿ ಜೇಬಿಗೆ ಹಾಕಿಕೊಂಡು ಬಂದೆ. ಆ ಹೇಡಿತನದ ಲೆಕ್ಕ ತೀರಿಸೋಕೆ ಇದನ್ನು ಬರೀತಿದ್ದೀನಿ ಅಂತ ಬೇಕಾದರೆ ಅಂದುಕೊಳ್ಳಿ.

ನಮ್ಮ ಜನ ದಿಲ್ಲಿಯನ್ನು ಮನೆಯ ಯಜಮಾನ ಅಂತ ತಿಳಿದಿದ್ದಾರೆ. ಬೈಯುವವರೂ ಹಾಗೇ, ಹೊಗಳುವವರೂ ಹಾಗೇ. ಹೊಗಳುವವರು ಯಜಮಾನ ಕೊಟ್ಟ ಅಂತಾರೆ, ಬೈಯುವವರು ಯಜಮಾನ ಕೊಡಲಿಲ್ಲ ಅಂತಾರೆ. ಅವನು ಯಜಮಾನನೇ ಅಲ್ಲ ಅನ್ನುವವರು ಎಷ್ಟು ಜನ? ಸಂವಿಧಾನದ ಮೊದಲ ವಿಧಿ ಈ ದೇಶವನ್ನು ರಾಜ್ಯಗಳ ಒಕ್ಕೂಟ ಅನ್ನುತ್ತದೆ. ಏಳನೆಯ ಅನುಸೂಚಿಯಲ್ಲಿ ಕೆಲಸ ಹಂಚಿದೆ: 1950ರಲ್ಲಿ ಒಕ್ಕೂಟಕ್ಕೆ 97 ಬಾಬ್ತು, ರಾಜ್ಯಕ್ಕೆ 66, ಇಬ್ಬರಿಗೂ ಸೇರಿದ್ದು 47. ಸೈನ್ಯ, ರೈಲು, ನಾಣ್ಯ, ವಿದೇಶ ವ್ಯವಹಾರ ದಿಲ್ಲಿಗೆ. ಪೊಲೀಸು, ಆಸ್ಪತ್ರೆ, ಕೃಷಿ, ಭೂಮಿ, ಪಂಚಾಯತಿ ರಾಜ್ಯಕ್ಕೆ. ನಮ್ಮೂರ ಕೆರೆ ಯಾರ ಪಟ್ಟಿಯಲ್ಲಿದೆ ಅಂತ ಹುಡುಕೋಕೆ ವಕೀಲನೇನೂ ಬೇಕಿಲ್ಲ.

ಇಲ್ಲಿ ಬುದ್ಧಿವಂತರೊಬ್ಬರು ಎದ್ದು ನಿಲ್ಲುತ್ತಾರೆ. ಸ್ವಾಮಿ, ನಮ್ಮದು ಅಮೆರಿಕದಂಥ ಒಕ್ಕೂಟ ಅಲ್ಲ, ರಾಜ್ಯಗಳು ಸೇರಿ ಸಹಿ ಹಾಕಿ ಹುಟ್ಟಿದ್ದಲ್ಲ, ಬಿಟ್ಟುಹೋಗುವ ಹಕ್ಕೂ ಇಲ್ಲ. ಸಂಸತ್ತು ಮನಸ್ಸು ಮಾಡಿದರೆ ರಾಜ್ಯದ ಗಡಿಯನ್ನೇ ಅಳಿಸಿ ಬರೆಯಬಹುದು, ಅಂತ. ನಿಜ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರರೇ 'ಯೂನಿಯನ್' ಶಬ್ದವನ್ನು ಹಾಗೆ ವಿವರಿಸಿದ್ದರು. ಆದರೆ ಮರುವರ್ಷದ ನವೆಂಬರಿನ ಭಾಷಣದಲ್ಲಿ ಇನ್ನೊಂದು ಮಾತೂ ಹೇಳಿದರು, ಅದನ್ನು ಈ ಬುದ್ಧಿವಂತರು ಓದುವುದಿಲ್ಲ: ಕಾನೂನು ಮಾಡುವ ಅಧಿಕಾರ ರಾಜ್ಯಗಳಿಗೆ ಬಂದದ್ದು ಕೇಂದ್ರದ ಕೃಪೆಯಿಂದಲ್ಲ, ಸಂವಿಧಾನದಿಂದ, ಆ ವಿಷಯದಲ್ಲಿ ಎರಡೂ ಸಮ. ಬಲವಾದ ಕೇಂದ್ರ ಬೇಡ ಅಂತ ನಾನೂ ಅನ್ನೋದಿಲ್ಲ. ತನ್ನ ಕೆಲಸದಲ್ಲಿ ಬಲವಾಗಿರಲಿ. ನನ್ನ ತಕರಾರು ಇಷ್ಟೇ: ತನ್ನದಲ್ಲದ ಕಡೆ ದಿಲ್ಲಿ ಹುಲಿ, ತನ್ನದೇ ಕೆಲಸದಲ್ಲಿ ಇಲಿ.

ತನ್ನದಲ್ಲದ ಕಡೆ ಅಂದರೆ ಏನು ಅಂತ ನಾನು ಕುರ್ಚಿಯಲ್ಲಿ ಕೂತೇ ನೋಡಿದ್ದೇನೆ. ನಮ್ಮ ವಿಭಾಗಕ್ಕೆ ಒಂದು ಯೋಜನೆ ಇತ್ತು, ಹಳ್ಳಿಗಳಲ್ಲಿ ಒಂದು ಬಗೆಯ ಕಟ್ಟಡ ಕಟ್ಟಿಸುವುದು. ನಕ್ಷೆ ದಿಲ್ಲಿಯದು. ರಾಜಸ್ಥಾನದ ಮರಳಿಗೂ ಅದೇ, ಆಗುಂಬೆ ಮಳೆಗೂ ಅದೇ ಸಪಾಟು ಮಾಳಿಗೆ. ಕರ್ನಾಟಕದಿಂದ ಒಬ್ಬ ಅಧಿಕಾರಿ ಬಂದು, ಮಲೆನಾಡಿಗೆ ಇಳಿಜಾರು ಹೆಂಚಿನ ಮಾಡಿಗೆ ಒಪ್ಪಿಗೆ ಕೊಡಿ ಅಂತ ಮೂರು ದಿನ ವರಾಂಡದಲ್ಲಿ ಕೂತಿದ್ದ. ಕನ್ನಡದವನು ಅಂತ ನಾನು ಚಹಾ ಕುಡಿಸಿದೆ, ಅಷ್ಟೇ ನನ್ನ ಕೈಯಲ್ಲಿದ್ದದ್ದು. ನಾಲ್ಕನೇ ದಿನ ಉತ್ತರ ಸಿಕ್ಕಿತು: ಮಾರ್ಗಸೂಚಿಯಲ್ಲಿ ಅವಕಾಶವಿಲ್ಲ. ಆ ಮಾರ್ಗಸೂಚಿ ಟೈಪ್ ಮಾಡಿದವನು ನಾನೇ! ನನಗೂ ಮಲೆನಾಡು ನೆನಪಾಗಿರಲಿಲ್ಲ. ದಿಲ್ಲಿಯ ಕುರ್ಚಿ ಕನ್ನಡಿಗನನ್ನೂ ಬಿಡೋದಿಲ್ಲ.

ಈ ಯೋಜನೆಗಳ ಗುಟ್ಟು ಗೊತ್ತಾ? 2015ರಿಂದ ಈಚೆ ಬಹುಪಾಲು ಯೋಜನೆಗಳಲ್ಲಿ ನೂರಕ್ಕೆ 60 ದಿಲ್ಲಿ, 40 ರಾಜ್ಯ. ಹೆಸರು, ನಕ್ಷೆ, ಷರತ್ತು ಎಲ್ಲಾ ದಿಲ್ಲಿಯದು. ತನ್ನ 40 ಉಳಿಸಿಕೊಂಡು ಬೇರೇನಾದರೂ ಮಾಡ್ತೀನಿ ಅಂದರೆ ರಾಜ್ಯ ಆ 60 ಕಳಕೊಳ್ಳುತ್ತದೆ. ಉದ್ಯೋಗ ಖಾತರಿಯನ್ನೇ ನೋಡಿ. 2005ರ ಕಾನೂನಿನಲ್ಲಿ ಕೂಲಿಯ ಪೂರ್ತಿ ಹಣ ಕೇಂದ್ರ ಕೊಡುತ್ತಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾನೂನಿನಲ್ಲಿ ಅಲ್ಲೂ 60-40 ಬಂತು. ಕೆರೆ ಹೂಳು ತೆಗೆದದ್ದೇನಾದರೂ ಇದ್ದರೆ ಆ ಕೂಲಿಯಲ್ಲೇ. ನಮ್ಮ ಹಿರಿಯರ ಅರ್ಜಿಗೆ ಇನ್ನು ಯಾರು ಎಷ್ಟು ಕೊಡಬೇಕು ಅನ್ನುವುದೇ ಜಗಳ.

ಶಿಕ್ಷಣ ಮೊದಲು ರಾಜ್ಯದ ಪಟ್ಟಿಯಲ್ಲಿತ್ತು. 1976ರಲ್ಲಿ, ತುರ್ತು ಪರಿಸ್ಥಿತಿಯಲ್ಲಿ, ವಿರೋಧ ಪಕ್ಷದ ಮುಂದಾಳುಗಳು ಜೈಲಿನಲ್ಲಿದ್ದಾಗ, 42ನೆಯ ತಿದ್ದುಪಡಿ ಅದನ್ನು ಕಾಡಿನ ಜೊತೆ ಎತ್ತಿ ಸಮವರ್ತಿ ಪಟ್ಟಿಗೆ ಹಾಕಿತು. ಆಮೇಲೆ ಬಂದ ಜನತಾ ಸರ್ಕಾರ ತುರ್ತು ಪರಿಸ್ಥಿತಿಯ ಎಷ್ಟೋ ಪಾಪ ತೊಳೆಯಿತು, ಇದನ್ನು ತೊಳೆಯಲಿಲ್ಲ. ಅಧಿಕಾರಕ್ಕೆ ಬಂದವರಿಗೆಲ್ಲ ಈ ಪಾಪ ರುಚಿ. 2020ರಲ್ಲಿ ಕೃಷಿ ಕಾನೂನುಗಳು ಬಂದವು. ಕೃಷಿ ರಾಜ್ಯದ್ದು, ಮಾರುಕಟ್ಟೆ ರಾಜ್ಯದ್ದು. ಆಹಾರ ಪದಾರ್ಥದ ವ್ಯಾಪಾರ ಅನ್ನುವ ಸಮವರ್ತಿ ಬಾಬ್ತಿನ ಕಿಟಕಿಯಿಂದ ದಿಲ್ಲಿ ಒಳಗೆ ಹಾರಿತು. ಗಾಜೀಪುರದ ಗಡಿ ನನ್ನ ಫ್ಲ್ಯಾಟಿಗೆ ಹತ್ತಿರ. ಆ ಚಳಿಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಕೆಳಗೆ ಮುದುಕರು ಮಲಗಿದ್ದನ್ನು ಕಂಡಿದ್ದೇನೆ. ಒಂದು ವರ್ಷ ಕೂತರು, 2021ರಲ್ಲಿ ಕಾನೂನು ವಾಪಸ್ಸಾಯಿತು. ಆ ಕಾನೂನು ಒಳ್ಳೆಯದೋ ಕೆಟ್ಟದ್ದೋ ಅದು ಬೇರೆ ಚರ್ಚೆ. ಒಳ್ಳೆಯದೇ ಆಗಿದ್ದರೂ ರಾಜ್ಯದ ವಿಧಾನಸಭೆಗಳಲ್ಲಿ ಬಾಯಿ ಬಿಚ್ಚಿ ಗೆಲ್ಲಬೇಕಾಗಿತ್ತು.

ಬೊಮ್ಮಾಯಿಯವರ ವಿಚಾರ ಹೇಳದೆ ಕನ್ನಡಿಗನಾದವನು ಈ ವಿಷಯ ಮುಗಿಸೋ ಹಾಗಿಲ್ಲ. ಇಡೀ ದೇಶದ ಕಾನೂನು ಕಾಲೇಜುಗಳಲ್ಲಿ ಹುಡುಗರು 'ಬೊಮ್ಮಾಯಿ ಕೇಸ್' ಅಂತ ಉರು ಹೊಡೀತಾರೆ. ಆ ಹೆಸರು ಹುಬ್ಬಳ್ಳಿ ಕಡೆಯದು ಅಂತ ಅರ್ಧಕ್ಕರ್ಧ ಜನಕ್ಕೆ ಗೊತ್ತಿಲ್ಲ. 1989ರ ಏಪ್ರಿಲ್. 19 ಶಾಸಕರು ಬೆಂಬಲ ಹಿಂತೆಗೆದಿದ್ದಾರೆ ಅಂತ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈಗೆ ಬಂದವು. ಅವರಲ್ಲಿ ಏಳು ಜನ ಮರುದಿನವೇ, ಇಲ್ಲ, ನಾವು ಸರ್ಕಾರದ ಜೊತೆ ಇದ್ದೇವೆ ಅಂದರು. ಬೊಮ್ಮಾಯಿಯವರು, ಸದನ ಕರೀತೀನಿ, ಅಲ್ಲೇ ಎಣಿಸಿ ಅಂದರು. ಎಣಿಸಲಿಲ್ಲ. 21ನೇ ತಾರೀಖು 356ನೇ ವಿಧಿಯ ಘೋಷಣೆ ಬಂತು, ಸರ್ಕಾರ ಹೋಯಿತು, ವಿಧಾನಸಭೆಯೂ ಹೋಯಿತು. ಆ ಸಂಜೆ ದಿಲ್ಲಿಯ ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲಿ ಜಗಳವೇ ಜಗಳ. ಬೊಮ್ಮಾಯಿ ಸರ್ಕಾರ ಅಷ್ಟೇನೂ ಚೆನ್ನಾಗಿರಲಿಲ್ಲ ಬಿಡಿ ಅಂದವರಲ್ಲಿ ನಾನೂ ಒಬ್ಬ. ಈಗ ಅದು ನೆನಪಾದರೆ ನಾಚಿಕೆಯಾಗುತ್ತದೆ. ಸರ್ಕಾರ ಚೆನ್ನಾಗಿಲ್ಲ ಅಂತ ತೀರ್ಮಾನ ಮಾಡೋಕೆ ನಮ್ಮೂರ ಜನಕ್ಕೆ ಓಟು ಇತ್ತು. ದಿಲ್ಲಿಗೆ ಆ ಕೆಲಸ ಯಾರು ಕೊಟ್ಟರು?

ಈ 356 ಸತ್ತ ಅಕ್ಷರವಾಗಿ ಉಳಿಯಲಿ ಅಂತ ಅಂಬೇಡ್ಕರ್ ಆಶಿಸಿದ್ದರು. ಅದು ಸಾಯೋದು ಹೋಗಲಿ, ಮೈ ತುಂಬಿಕೊಂಡಿತು. 1959ರಲ್ಲಿ ಕೇರಳ. 1977ರಲ್ಲಿ ಜನತಾ ಪಕ್ಷ ಗೆದ್ದ ಕೂಡಲೇ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಕೆಡವಿತು. 1980ರಲ್ಲಿ ಇಂದಿರಾ ಗಾಂಧಿ ವಾಪಸ್ ಬಂದು ಲೆಕ್ಕ ಚುಕ್ತಾ ಮಾಡಿದರು, ಅವರೂ ಒಂಬತ್ತೇ. ಅರಸು ಸರ್ಕಾರವೂ 1977ರ ಡಿಸೆಂಬರ್ 31ರಂದು ಹೀಗೇ ಹೋದದ್ದು. ಬೊಮ್ಮಾಯಿಯವರು ಸುಮ್ಮನಿರದೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ಬಹುಮತ ಎಣಿಸಬೇಕಾದ್ದು ಸದನದಲ್ಲಿ, ರಾಜಭವನದ ಕುರ್ಚಿಯಲ್ಲಲ್ಲ. ರಾಷ್ಟ್ರಪತಿ ಘೋಷಣೆಯನ್ನು ಕೋರ್ಟು ತಪಾಸಣೆ ಮಾಡಬಹುದು. ಒಕ್ಕೂಟ ಪದ್ಧತಿ ಸಂವಿಧಾನದ ಮೂಲ ರಚನೆಗೆ ಸೇರಿದ್ದು. ಕರ್ನಾಟಕದ ಘೋಷಣೆ ತಪ್ಪು ಅಂತಲೂ ಹೇಳಿತು. ಆದರೆ ಅಷ್ಟು ಹೊತ್ತಿಗೆ ಐದು ವರ್ಷ ಕಳೆದಿತ್ತು, ನಡುವೆ ಚುನಾವಣೆ ಆಗಿ ಹೋಗಿತ್ತು. ಗೆದ್ದವನಿಗೆ ಸಿಕ್ಕಿದ್ದು ಕೇಸಿನ ಹೆಸರು. ಸಾಮಾನ್ಯ ಗೆಲುವಲ್ಲ ಬಿಡಿ ಅದು. 2018ರಲ್ಲಿ ಬೆಂಗಳೂರಿನ ರಾಜಭವನ ಬಹುಮತ ತೋರಿಸೋಕೆ 15 ದಿನ ಕೊಟ್ಟಾಗ, ಕೋರ್ಟು ಮಧ್ಯೆ ಬಂದು ನಾಳೆ ನಾಲ್ಕು ಗಂಟೆಗೇ ಎಣಿಸಿ ಅಂತ ಹೇಳಿದ್ದು ಆ ತೀರ್ಪಿನ ಬಲದಿಂದ. ಆ ಬೊಮ್ಮಾಯಿಯವರೇ 1996ರಲ್ಲಿ ದಿಲ್ಲಿಯಲ್ಲಿ ಮಾನವ ಸಂಪನ್ಮೂಲ ಸಚಿವರಾದರು. ರಾಜ್ಯಗಳಿಂದ ಕಿತ್ತುಕೊಂಡ ಶಿಕ್ಷಣ ಅವರ ಮೇಜಿಗೇ ಬಂತು. ಅದನ್ನು ವಾಪಸ್ ಕಳಿಸೋದು ಅವರ ಕಾಲದಲ್ಲೂ ಆಗಲಿಲ್ಲ.

ದುಡ್ಡಿನ ಮಾತು ಚುಟುಕಾಗಿ ಮುಗಿಸ್ತೀನಿ, ಊರಿನ ಪತ್ರಿಕೆಗಳಲ್ಲಿ ಅದು ಸಾಕಷ್ಟು ಬಂದಿದೆ. ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೆಯ ಹಣಕಾಸು ಆಯೋಗದಲ್ಲಿ ನೂರಕ್ಕೆ 4.713 ಇತ್ತು, 15ನೆಯದರ 2021-26ರ ಅವಧಿಗೆ 3.647 ಆಯಿತು. ಬಡ ರಾಜ್ಯಕ್ಕೆ ಹೆಚ್ಚು ಹೋಗಲಿ, ನನಗೆ ಅದರಲ್ಲಿ ಹೊಟ್ಟೆಯುರಿ ಇಲ್ಲ. ಬಿಹಾರದ ಹುಡುಗರು ದಿಲ್ಲಿಯಲ್ಲಿ ಹೇಗೆ ಬದುಕ್ತಾರೆ ಅಂತ ದಿನಾ ನೋಡ್ತೀನಿ. ಉರಿಯೋದು ಸೆಸ್ಸು, ಸರ್‌ಚಾರ್ಜು ಅನ್ನುವ ಆಟದಲ್ಲಿ. ಆ ಹೆಸರಿನಲ್ಲಿ ಎತ್ತಿದ ಹಣ ಹಂಚುವ ಬುಟ್ಟಿಗೇ ಬೀಳೋದಿಲ್ಲ. ಬರ ಬಿದ್ದಾಗ ಕೊಡುವ ಪರಿಹಾರ ತೆರಿಗೆ ಪಾಲಿನ ಲೆಕ್ಕದಿಂದ ಬೇರೆಯದು, ಅದಕ್ಕೆ ಕಾನೂನೇ ಇದೆ. 2023ರ ಬರಕ್ಕೆ ಕರ್ನಾಟಕ ಕೇಳಿದ್ದು 18,171 ಕೋಟಿ. ತಿಂಗಳುಗಟ್ಟಲೆ ಉತ್ತರ ಇಲ್ಲ. 2024ರ ಫೆಬ್ರುವರಿ 7ರಂದು ತೆರಿಗೆ ಪಾಲು, ಬರ ಎರಡನ್ನೂ ಹಿಡಿದುಕೊಂಡು ಮುಖ್ಯಮಂತ್ರಿ, ಮಂತ್ರಿಗಳು ಜಂತರ್ ಮಂತರಿನಲ್ಲಿ ಕೂತರು. ನಾನೂ ಮೆಟ್ರೋ ಹತ್ತಿ ನೋಡೋಕೆ ಹೋಗಿದ್ದೆ. ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಏಪ್ರಿಲಿನಲ್ಲಿ 3,454 ಕೋಟಿ ಬಂತು. ಮೊತ್ತ ಸರಿಯೋ ತಪ್ಪೋ, ಎರಡು ಕಡೆಯ ಲೆಕ್ಕಿಗರು ಕೂತು ನೋಡಲಿ. ಆದರೆ ಕಾನೂನಿನಲ್ಲಿರುವ ಹಣಕ್ಕೆ ಒಂದು ರಾಜ್ಯ ಬೀದಿಯಲ್ಲಿ ಕೂತು, ಆಮೇಲೆ ಕೋರ್ಟಿನ ಮೆಟ್ಟಿಲು ಹತ್ತಬೇಕಾ?

ಇನ್ನು ಇಲಿ ಆಗುವ ಕಡೆ. ಎರಡು ರಾಜ್ಯ ಜಗಳ ಆಡಿದರೆ ನಡುವೆ ನಿಲ್ಲೋಕೆ ಅಂತಲೇ ಒಕ್ಕೂಟ ಬೇಕು. ಅಂತರರಾಜ್ಯ ನದಿ ಕೇಂದ್ರದ ಪಟ್ಟಿಯಲ್ಲೇ ಇದೆ. ಕಾವೇರಿ ನ್ಯಾಯಮಂಡಳಿ ಆದದ್ದು 1990ರಲ್ಲಿ, ಅಂತಿಮ ತೀರ್ಪು 2007ರಲ್ಲಿ, ಅದನ್ನು ಗೆಜೆಟ್ಟಿನಲ್ಲಿ ಅಚ್ಚು ಹಾಕಿದ್ದು 2013ರಲ್ಲಿ, ಅದೂ ಕೋರ್ಟು ಗದರಿಸಿದ ಮೇಲೆ. ಆ ತೀರ್ಪು ನಮಗೆ ಹಿಡಿಸಿರಲಿಲ್ಲ, ಅಚ್ಚಾಗದಿದ್ದರೆ ಒಳ್ಳೇದು ಅಂತ ಊರಲ್ಲಿ ಎಲ್ಲರೂ ಅಂದುಕೊಂಡಿದ್ದೆವು, ಒಪ್ಪಿಕೊಳ್ಳೋಣ. ಆದರೆ ಪಂಚನಾದವನು ಎರಡೂ ಕಡೆಯ ಓಟು ಎಣಿಸುತ್ತಾ ಆರು ವರ್ಷ ಕೂತರೆ ಬೀದಿಯಲ್ಲಿ ಬಸ್ಸು ಸುಡುತ್ತದೆ. ಚೆನ್ನೈನ ಕನ್ನಡಿಗನ ಹೋಟೆಲ್ಲು, ಬೆಂಗಳೂರಿನ ತಮಿಳನ ಅಂಗಡಿ ಎರಡೂ ಹೆದರಿ ಶಟರ್ ಎಳೀತವೆ. ರಾಜ್ಯಗಳು ಎದುರುಬದುರು ಕೂತು ಮಾತಾಡೋಕೆ 263ನೇ ವಿಧಿಯಲ್ಲಿ ಅಂತರರಾಜ್ಯ ಮಂಡಳಿ ಇದೆ. ಅದು ಸ್ಥಾಪನೆಯಾಗೋದಕ್ಕೇ 1990 ಬರಬೇಕಾಯಿತು. 2016ರ ಜುಲೈನಲ್ಲಿ ಒಮ್ಮೆ ಸೇರಿತು, ಆಮೇಲೆ ವರ್ಷಗಟ್ಟಲೆ ಸೇರಲೇ ಇಲ್ಲ.

ಈಗ ನನ್ನಂಥ ಹೊರನಾಡಿನವನ ಸ್ವಂತ ನೋವಿಗೆ ಬರ್ತೀನಿ. ಗದಗ ಕಡೆಯ ಒಬ್ಬ ಹುಡುಗ ನಮ್ಮ ಮನೆಗೆ ಹಬ್ಬಕ್ಕೆ ಬಂದು ಹೋಗಿ ಮಾಡ್ತಿದ್ದ. ಗುರುಗಾಂವದಲ್ಲಿ 26 ಸಾವಿರದ ಕೆಲಸ. 2022ರ ಜನವರಿಯಲ್ಲಿ ಹರಿಯಾಣದ ಕಾನೂನು ಜಾರಿಗೆ ಬಂತು: 30 ಸಾವಿರದವರೆಗಿನ ಖಾಸಗಿ ಕೆಲಸದಲ್ಲಿ ನೂರಕ್ಕೆ 75 ಹರಿಯಾಣದವರಿಗೆ. ಹುಡುಗ ಕಂಪನಿ ಬದಲಿಸೋಕೆ ಹೋದಾಗ ಕೇಳಿದ ಮೊದಲ ಪ್ರಶ್ನೆ, ಇಲ್ಲಿಯ ವಾಸದ ಪ್ರಮಾಣಪತ್ರ ಇದೆಯಾ? ಇರಲಿಲ್ಲ. ಅವನು ಆ ಪೇಟೆಯನ್ನೇ ಬಿಟ್ಟ. ದೇಶದ ಯಾವ ಭಾಗದಲ್ಲಾದರೂ ನೆಲೆಸಬಹುದು ಅನ್ನುತ್ತದೆ 19ನೇ ವಿಧಿ. ಸರ್ಕಾರಿ ನೌಕರಿಗೆ ವಾಸದ ಷರತ್ತು ಹಾಕಬೇಕಾದರೂ ಸಂಸತ್ತೇ ಕಾನೂನು ಮಾಡಬೇಕು, ರಾಜ್ಯ ಮಾಡುವ ಹಾಗಿಲ್ಲ ಅನ್ನುತ್ತದೆ 16ನೇ ವಿಧಿ. ಒಂದು ರಾಜ್ಯ ಇನ್ನೊಂದು ರಾಜ್ಯದವನನ್ನು ಪರದೇಶಿ ಮಾಡಬಾರದು ಅಂತ ಸಂವಿಧಾನ ಕಾವಲು ಇಟ್ಟದ್ದು ಇಲ್ಲಿ. ಕಾವಲುಗಾರ ಏನು ಮಾಡಿದ? ಹರಿಯಾಣದ ಮಸೂದೆಗೆ, ದಿಲ್ಲಿಯೇ ನೇಮಿಸಿದ ರಾಜ್ಯಪಾಲರ ಅಂಕಿತ 2021ರಲ್ಲಿ ಬಿತ್ತು. ತಮಿಳುನಾಡಿನ ಹತ್ತು ಮಸೂದೆಗಳ ಮೇಲೆ ಇನ್ನೊಬ್ಬ ರಾಜ್ಯಪಾಲರು ಕೂತುಬಿಟ್ಟು, ಕೋರ್ಟು 2025ರ ಏಪ್ರಿಲಿನಲ್ಲಿ ಅವರನ್ನು ಎಬ್ಬಿಸಬೇಕಾಯಿತು. ಅದೇ ವರ್ಷ ನವೆಂಬರಿನಲ್ಲಿ ಕೋರ್ಟೇ, ರಾಜ್ಯಪಾಲರಿಗೆ ಗಡುವು ಹಾಕೋದು ನಮ್ಮ ಕೆಲಸ ಅಲ್ಲ, ಆದರೆ ಅವರೂ ಸುಮ್ಮನೆ ಕೂರುವ ಹಾಗಿಲ್ಲ ಅಂತ ಅಭಿಪ್ರಾಯ ಕೊಟ್ಟಿತು. ಸರಿ ಸ್ವಾಮಿ, ಎಷ್ಟು ದಿನ ಕೂತರೆ ಸುಮ್ಮನೆ ಕೂತ ಹಾಗೆ?

ಹರಿಯಾಣದ ಕಾನೂನನ್ನು ಅಲ್ಲಿಯ ಹೈಕೋರ್ಟು 2023ರ ನವೆಂಬರಿನಲ್ಲಿ ಹೊಡೆದುಹಾಕಿತು. ನಾವು ಹೊರನಾಡಿನವರು ಉಸಿರು ಬಿಟ್ಟೆವು. ಎಂಟು ತಿಂಗಳಾಗಿತ್ತೋ ಇಲ್ಲವೋ, 2024ರ ಜುಲೈನಲ್ಲಿ ನಮ್ಮ ಕರ್ನಾಟಕದ ಸಂಪುಟವೇ ಅಂಥದ್ದೊಂದು ಮಸೂದೆ ಒಪ್ಪಿತು. ಆಡಳಿತದ ಹುದ್ದೆಗೆ ನೂರಕ್ಕೆ 50, ಉಳಿದದ್ದಕ್ಕೆ 70. ಎರಡು ದಿನದಲ್ಲಿ ತಡೆಹಿಡಿದರು ಅನ್ನಿ. ಆ ಎರಡು ದಿನ ಊರಿಂದ ಬಂದ ಫೋನುಗಳೆಲ್ಲ, "ಭಾಳ ಚಲೋ ಆತು ನೋಡ್ರಿ" ಅನ್ನುವವೇ. ಫೋನು ಮಾಡಿದವರ ಪೈಕಿ ಒಬ್ಬರ ಮಗ ಪುಣೆಯಲ್ಲಿದ್ದಾನೆ, ಇನ್ನೊಬ್ಬರ ಅಳಿಯ ಹೈದರಾಬಾದಿನಲ್ಲಿ. ಅಲ್ಲ, ಮಹಾರಾಷ್ಟ್ರ ಇದನ್ನೇ ಮಾಡಿದರೆ? 1966ರ ನಂತರದ ಮುಂಬಯಿಯಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ಹೇಳುವ ಹಿರಿಯರು ಇನ್ನೂ ಬದುಕಿದ್ದಾರೆ. ಬೆಂಗಳೂರಿನಲ್ಲಿ ಕನ್ನಡಿಗನಿಗೆ ಕೆಲಸ ಸಿಗಬೇಕು, ಅದಕ್ಕೆ ಕನ್ನಡ ಕಲಿಸಿ, ತರಬೇತಿ ಕೊಡಿಸಿ, ಕಂಪನಿಗಳ ಕಿವಿ ಹಿಂಡಿ, ಬೇಡ ಅಂದವರಾರು? ಆದರೆ ಬೇಲಿ ಹಾಕುವ ಅಧಿಕಾರ ರಾಜ್ಯಕ್ಕೆ ಕೊಟ್ಟರೆ ಮೊದಲು ಬೇಲಿಯಾಚೆ ಬೀಳುವವರು ನಿಮ್ಮ ಮಕ್ಕಳೇ.

ಭಾಷೆಯ ವಿಷಯವೂ ಹೀಗೇ. ರಾಜ್ಯಗಳ ಪುನರ್ವಿಂಗಡಣೆ ಆದ 1956ರಲ್ಲಿ ಗಡಿಯಾಚೆ ಉಳಿದವರಿಗಾಗಿ ಸಂವಿಧಾನಕ್ಕೆ ಎರಡು ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ತಾಯ್ನುಡಿಯಲ್ಲಿ ಸಿಗುವ ಹಾಗೆ ರಾಜ್ಯ ನೋಡಿಕೊಳ್ಳಬೇಕು. ಮಾಡದಿದ್ದರೆ ರಾಷ್ಟ್ರಪತಿ ನಿರ್ದೇಶನ ಕೊಡಬಹುದು. ಅದರ ಮೇಲೆ ಕಣ್ಣಿಡೋಕೆ ಒಬ್ಬ ವಿಶೇಷಾಧಿಕಾರಿ. ಅಂದರೆ ಕಾಸರಗೋಡು, ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳಿಗಾಗಿ, ಬೆಳಗಾವಿಯ ಮರಾಠಿ ಶಾಲೆಗಳಿಗಾಗಿ ದಿಲ್ಲಿಯ ಕೈಗೆ ಒಂದು ಕೋಲು ಕೊಟ್ಟಿದ್ದಾರೆ. ಆ ಅಧಿಕಾರಿಯ ಕಚೇರಿ ಬಹುಕಾಲ ಅಲಹಾಬಾದಿನಲ್ಲಿತ್ತು. ವರದಿ ಬರೆದರು, ರಾಷ್ಟ್ರಪತಿಗೆ ಕೊಟ್ಟರು, ಸಂಸತ್ತಿನ ಮೇಜಿನ ಮೇಲಿಟ್ಟರು. ಕೋಲು ಮೂಲೆಯಲ್ಲೇ ಇದೆ. ದಕ್ಷಿಣದ ಬ್ಯಾಂಕಿನ ಚಲನ್ನಿನಲ್ಲಿ ಹಿಂದಿ ಇದೆಯೋ ಇಲ್ಲವೋ ಅಂತ ತನಿಖೆ ಮಾಡೋಕೆ ಮಾತ್ರ ಸಮಿತಿಗಳು ವಿಮಾನ ಹತ್ತಿ ಬರ್ತವೆ. ನನ್ನ ಮಕ್ಕಳು ಕನ್ನಡ ಅಕ್ಷರ ಕಲಿತದ್ದು ಭಾನುವಾರದ ಒಂದು ತರಗತಿಯಲ್ಲಿ, ನಾಲ್ಕು ಮನೆಯ ತಾಯಂದಿರು ಸೇರಿ ನಡೆಸಿದ್ದು.

ಬೆಂಗಳೂರಿಗೂ ಒಂದು ಮಾತು. ದಿಲ್ಲಿ ನಮ್ಮ ಅಧಿಕಾರ ಕಿತ್ತುಕೊಂಡಿತು ಅಂತ ವಿಧಾನಸೌಧದಲ್ಲಿ ಗುಡುಗುವವರು, 1983ರಲ್ಲಿ ಹೆಗಡೆಯವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದದ್ದನ್ನು ನೆನೆಯುತ್ತಾರೆ. ಅದೇ ಕಾಲದಲ್ಲಿ ಅಬ್ದುಲ್ ನಜೀರ್ ಸಾಬರು ರಾಜ್ಯದ ಅಧಿಕಾರವನ್ನು ಜಿಲ್ಲಾ ಪರಿಷತ್ತಿಗೆ ಇಳಿಸಿದ್ದನ್ನು ನೆನೆಯೋದಿಲ್ಲ. ಕೇಳುವ ಬಾಯಿಗೆ ಕೊಡುವ ಕೈಯೂ ಇತ್ತು ಆಗ. ಈಚೆಗೆ ಬೆಂಗಳೂರು ಪಾಲಿಕೆಯ ಅವಧಿ 2020ರಲ್ಲಿ ಮುಗಿಯಿತು, ಜಿಲ್ಲಾ, ತಾಲೂಕು ಪಂಚಾಯತಿಗಳದ್ದು 2021ರಲ್ಲಿ. ಮುಂದೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಅಧಿಕಾರಿಗಳ ದರ್ಬಾರು. ಈ ನಡುವೆ ಮುಖ್ಯಮಂತ್ರಿಗಳು ಬದಲಾದರು, ಪಕ್ಷ ಬದಲಾಯಿತು, ಚಾಳಿ ಬದಲಾಗಲಿಲ್ಲ. ಬೀದರದವನಿಗೆ ಬೆಂಗಳೂರೇ ದಿಲ್ಲಿ. ಪಂಚಾಯ್ತಿ ಕೈಯಾಗ ಏನೈತಿ ಅಂತ ನಮ್ಮ ಹಿರಿಯರು ಅಂದದ್ದು ಸುಳ್ಳಲ್ಲವಲ್ಲ.

ಕರ್ನಾಟಕದಿಂದ ಲೋಕಸಭೆಗೆ 28 ಜನ ಬರ್ತಾರೆ. ಊರಿಗೆ ವಾಪಸ್ ಬಂದಾಗ ನೀವು ಅವರ ಹತ್ತಿರ ಬೀದಿ ದೀಪ ಕೇಳ್ತೀರಿ, ಸಮುದಾಯ ಭವನ ಕೇಳ್ತೀರಿ. ಅವರೂ ಅದನ್ನೇ ಕೊಟ್ಟು ಫಲಕ ಹಾಕಿಸ್ತಾರೆ. ಮುಂದಿನ ಸಲ ಬಂದಾಗ ಬೇರೆ ಕೇಳಿ: ಅಂತರರಾಜ್ಯ ಮಂಡಳಿ ಯಾಕೆ ಸೇರ್ತಿಲ್ಲ? ಭಾಷಾ ಅಲ್ಪಸಂಖ್ಯಾತರ ವರದಿಯ ಮೇಲೆ ಸದನದಲ್ಲಿ ನೀವು ಎಷ್ಟು ನಿಮಿಷ ಮಾತಾಡಿದ್ದೀರಿ? ಬೀದಿ ದೀಪ ಯಾಕೆ ಉರೀತಿಲ್ಲ ಅಂತ ಪಂಚಾಯ್ತಿ ಮೆಂಬರನ್ನು ಕೇಳಿ.

ಆ ಅರ್ಜಿ ಇನ್ನೂ ನನ್ನ ಮೇಜಿನ ಮೇಲಿದೆ. ವಿಳಾಸ ಹೊಡೆದುಹಾಕಿ 'ಅಧ್ಯಕ್ಷರು, ಗ್ರಾಮ ಪಂಚಾಯತಿ' ಅಂತ ಬರೆದಿದ್ದೇನೆ. ಅಂಚೆಗೆ ಹಾಕೋದಿಲ್ಲ. ದೀಪಾವಳಿಗೆ ಊರಿಗೆ ಹೋಗ್ತಿದ್ದೇನೆ, ಹಿರಿಯರನ್ನೂ ಕರಕೊಂಡು ಪಂಚಾಯ್ತಿ ಆಫೀಸಿಗೆ ನಾನೇ ಹೋಗಿ ಕೊಡಬೇಕು ಅಂತಿದ್ದೀನಿ. ಹೂಳಿನ ಜೊತೆ ಕೆರೆಯ ದಂಡೆಯ ಮೇಲೆ ಹಬ್ಬಿರುವ ಜಾಲಿಯನ್ನೂ ಕಡಿಸಬೇಕಂತೆ, ಮೊನ್ನೆ ಫೋನಿನಲ್ಲಿ ಹೇಳಿದರು.